ಹಿಮದ ಬೆಟ್ಟದಲ್ಲಿ ನಾನು ಹಿಡಿದ ಅಡ್ಡದಾರಿ

ಹಿಮದ ವಿಷಯದಲ್ಲಿ ನನಗೆ ಯಾರೂ ಏನೂ ಕಲಿಸಬೇಕಾಗಿಲ್ಲ ಎಂಬ ಭಾವನೆಯಲ್ಲೇ ನಾನು ಆಳಂದ ಬಿಟ್ಟದ್ದು. ಅದಕ್ಕೆ ಕಾರಣವೂ ಇತ್ತು. ನಾನು ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುವವನು. ಹಿಮನದಿ, ಹಿಮರೇಖೆ, ಹಿಮಕುಸಿತ ಎಂದು ಕರಿಹಲಗೆಯ ಮೇಲೆ ಬರೆದು, ಒರೆಸಿ, ಮತ್ತೆ ಬರೆದು, ತರಗತಿ ಮುಗಿಯುವಷ್ಟರಲ್ಲಿ ಸೀಮೆಸುಣ್ಣದ ಪುಡಿ ನನ್ನ ತಲೆಯ ಮೇಲೇ ಸಣ್ಣ ಪ್ರಮಾಣದ ಹಿಮ ಸುರಿಸಿರುತ್ತಿತ್ತು. ನಿಜವಾದ ಹಿಮ ಕಂಡಿರಲಿಲ್ಲ ಎಂಬುದು ಒಂದು ಸಣ್ಣ ಕೊರತೆ, ಅಷ್ಟೇ. ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟುವುದನ್ನು ನೋಡಿದ್ದೆನಲ್ಲ!

ಈ ಕೊರತೆ ನೀಗಿಸಲು ಪಣ ತೊಟ್ಟವನು ನನ್ನ ಹೆಂಡತಿಯ ತಮ್ಮ ಸಂಗಮೇಶ. ಕಲಬುರಗಿಯಲ್ಲಿ ಎಲುಬಿನ ಡಾಕ್ಟರು. ಊರವರ ಎಲುಬು ಕೂಡಿಸಿ ಕೂಡಿಸಿ ಬೇಸರ ಬಂದು, ಸ್ವಂತ ಎಲುಬು ಮುರಿದುಕೊಳ್ಳುವ ಹವ್ಯಾಸ ಹಚ್ಚಿಕೊಂಡಿದ್ದಾನೆ. ಚಳಿಗಾಲ ಬಂತೆಂದರೆ ಹಿಮಾಚಲಕ್ಕೆ ಓಡುತ್ತಾನೆ. ಕಾಲಿಗೆ ಉದ್ದನೆಯ ಸ್ಕೀ ಹಲಗೆ ಕಟ್ಟಿಕೊಂಡು, ಜನರು ಸುಳಿಯದ ಬೆಟ್ಟಗಳನ್ನು ಹತ್ತಿ, ಜಾರುತ್ತ ಇಳಿಯುತ್ತಾನೆ. ತಂತಿಯ ಮೇಲೆ ತೂಗುವ ಕುರ್ಚಿಯಲ್ಲಿ ಕೂತು ಮೇಲೆ ಹೋಗುವ ಸೌಕರ್ಯ ಅಲ್ಲಿಲ್ಲ. ನಡೆದೇ ಹತ್ತಬೇಕು. ಈ ಕೊನೆಯ ಮಾತನ್ನು ಅವನು ಹೇಳಿದ್ದ. ನಾನು ಆಗ ಹಪ್ಪಳ ತಿನ್ನುತ್ತಿದ್ದೆ. ಕೇಳಿಸಲಿಲ್ಲ.

"ಮಾಮಾ, ಈ ಸಲ ನೀವೂ ಬರ್ರಿ. ಅಕ್ಕನ್ನೂ ಕರ್ಕೊಂಡ ಬರ್ರಿ. ಮೊದಲ ಬರೇ ಕಲಿಸ್ತಾರ. ಹಿಮ ಕುಸದ್ರ ಏನ್ ಮಾಡ್ಬೇಕು, ಕುಸಿಯೋ ಜಾಗಾ ಹೆಂಗ ಗುರ್ತ ಹಿಡೀಬೇಕು, ಎಲ್ಲಾ."

"ಅದನ್ನ ನನಗ ಕಲಿಸ್ತಾರ?" ಎಂದು ನಾನು ನಕ್ಕೆ. ದೊಡ್ಡ ವಿದ್ವಾಂಸರು ನಗುವಂತೆ, ಸ್ವಲ್ಪವೇ.

ನನ್ನ ಹೆಂಡತಿ ಸುವರ್ಣಾ ನಗಲಿಲ್ಲ. ಅವಳು ಹಿರೋಳ್ಳಿಯ ಶಾಲೆಯಲ್ಲಿ ಆಟದ ಟೀಚರು. ಖೋ ಖೋ ಆಡಿಸಿ ಆಡಿಸಿ, ಈ ವಯಸ್ಸಿನಲ್ಲೂ ಬಸ್ಸು ಹೊರಟಮೇಲೆ ಓಡಿ ಹತ್ತಬಲ್ಲವಳು. ನಾನು ಬಸ್ಸು ನಿಂತಿದ್ದಾಗಲೂ ಕಂಡಕ್ಟರರ ಕೈಹಿಡಿದು ಹತ್ತುವವನು.

"ನಾವು ಬರ್ತೇವಿ ತಮ್ಮಾ," ಎಂದಳು. "ಇವರಿಗೆ ಒಂದೀಟ ಚಳಿ ತಟ್ಟಲಿ."

ತಯಾರಿ ಆರಂಭವಾಯಿತು. ಸುವರ್ಣಾ ಶಾಲೆಯ ಮೈದಾನದಲ್ಲಿ ಓಡತೊಡಗಿದಳು. ನಾನು ವೈಜ್ಞಾನಿಕ ವಿಧಾನ ಅನುಸರಿಸಿದೆ. ಎರಡೂ ಕೈಯಲ್ಲಿ ಬಡಿಗೆ ಹಿಡಿದು, ಮೊಣಕಾಲು ಬಗ್ಗಿಸಿ, ಮಾಳಿಗೆಯ ಮೆಟ್ಟಿಲ ಮೇಲೆ ಅಡ್ಡಡ್ಡ ಇಳಿಯುವುದು. ಪಕ್ಕದ ಮನೆಯ ಗುಂಡಪ್ಪನವರು ಕಾಂಪೌಂಡಿನ ಆಚೆಯಿಂದ ಇದನ್ನು ಬಹಳ ಹೊತ್ತು ನೋಡಿದರು.

"ಯಾಕ್ರಿ ಸರ, ಕಾಲಿಗಿ ಪೆಟ್ಟಾಗೇದೇನ್ರಿ?"

"ಪೆಟ್ಟಾಗಿಲ್ರಿ ಗುಂಡಪ್ಪ. ಸ್ಕೀ ಕಲ್ಯಾಕತ್ತೇನಿ."

"ಹಂಗಾರ ಪೆಟ್ಟು ಇನ್ನ ಆಗೋದದ," ಎಂದು ಅವರು ಸಮಾಧಾನದಿಂದ ಒಳಗೆ ಹೋದರು.

ಹಿಮಾಚಲ ಮುಟ್ಟುವಷ್ಟರಲ್ಲೇ ನಾನು ಸುಸ್ತಾಗಿದ್ದೆ. ರೈಲು, ಬಸ್ಸು, ಜೀಪು, ಆಮೇಲೆ ಜೀಪೂ ಹೋಗದ ಕಡೆ ಸ್ವಂತ ಕಾಲು. ನಮ್ಮ ಮಾರ್ಗದರ್ಶಕನ ಹೆಸರು ನೋರ್ಬು. ತೆಳ್ಳಗಿನ ಮನುಷ್ಯ. ಮಾತು ಕಡಿಮೆ, ತಾಳ್ಮೆ ಜಾಸ್ತಿ. ಆ ತಾಳ್ಮೆ ನಾನು ಬಂದ ದಿನದಿಂದ ಸವೆಯತೊಡಗಿತು.

ಭಾಷೆಯಿಂದಲೇ ತೊಂದರೆ ಶುರು. ಅವನದು ಹಿಂದಿ. ನನ್ನದೂ ಹಿಂದಿಯೇ ಎಂದು ನಾನು ತಿಳಿದಿದ್ದೆ. ನಮ್ಮ ಕಡೆಯ ದಖನಿ ಹಿಂದಿಯಲ್ಲಿ ಬೇಡ ಎನ್ನಲು ‘ನಕ್ಕೋ’ ಎನ್ನುತ್ತೇವೆ. ಅವನು ಊಟಕ್ಕೆ ರಾಜ್ಮಾ ಬಡಿಸಲು ಬಂದಾಗ ನಾನು ಕೈ ಅಡ್ಡ ಹಿಡಿದು "ನಕ್ಕೋ, ನಕ್ಕೋ" ಎಂದೆ. ಅವನು ಅದನ್ನು ಹೊಗಳಿಕೆ ಎಂದುಕೊಂಡ. ಇನ್ನೊಂದು ಸವಟು ಹಾಕಿದ. ನಾನು ಇನ್ನೂ ಜೋರಾಗಿ "ನಕ್ಕೋ!" ಎಂದೆ. ಅವನು ಸಂತೋಷದಿಂದ ಪಾತ್ರೆಯನ್ನೇ ಬೋರಲು ಹಾಕಿದ. ನನ್ನ ಹೊಟ್ಟೆ ಆ ಸಂಜೆಯಿಂದ ತನ್ನ ಪಾಡಿಗೆ ತಾನು ಮಾತಾಡತೊಡಗಿತು.

ಮರುದಿನದಿಂದ ಪಾಠ. ನೋರ್ಬು ಒಬ್ಬೊಬ್ಬರಿಗೂ ಮೂರು ಸಾಮಾನು ಕೊಟ್ಟ. ಒಂದು ಸಲಿಕೆ. ಒಂದು ಮಡಚಿ ಇಡುವ ಉದ್ದನೆಯ ಕಡ್ಡಿ, ಹಿಮದೊಳಗೆ ಚುಚ್ಚಿ ಮನುಷ್ಯ ಎಲ್ಲಿದ್ದಾನೆಂದು ನೋಡಲು. ಇನ್ನೊಂದು ಅಂಗೈಯಗಲದ ಪೆಟ್ಟಿಗೆ, ಬೀಕನ್ ಎನ್ನುತ್ತಾರೆ. ಎದೆಗೆ ಪಟ್ಟಿಯಿಂದ ಬಿಗಿದುಕೊಳ್ಳಬೇಕು. ಅದು ಸುಮ್ಮನೆ ‘ನಾನು ಇಲ್ಲಿದ್ದೇನೆ, ನಾನು ಇಲ್ಲಿದ್ದೇನೆ’ ಎಂದು ಸಂಕೇತ ಕಳಿಸುತ್ತಿರುತ್ತದೆ. ಯಾರಾದರೂ ಹೂತುಹೋದರೆ ಉಳಿದವರು ಗುಂಡಿ ಒತ್ತಿ, ತಮ್ಮ ಪೆಟ್ಟಿಗೆ ಸಂಕೇತ ಕಳಿಸುವುದನ್ನು ಬಿಟ್ಟು ಹುಡುಕುವಂತೆ ಮಾಡಿಕೊಳ್ಳಬೇಕು. ಆಗ ಬಾಣದ ಗುರುತು ಹೂತವನ ದಿಕ್ಕು ತೋರಿಸುತ್ತದೆ. ಹತ್ತಿರ ಹೋದಷ್ಟೂ ಪೀಂ ಪೀಂ ಶಬ್ದ ಜೋರಾಗುತ್ತದೆ.

"ಹಿಮದಡಿ ಸಿಕ್ಕವನಿಗೆ ಸಮಯ ಬಹಳ ಕಡಿಮೆ," ಎಂದು ನೋರ್ಬು ಹಿಂದಿಯಲ್ಲಿ ಹೇಳಿದ. "ಊರಿಂದ ಸಹಾಯ ಬರುವವರೆಗೆ ಕಾಯುವ ಹಾಗಿಲ್ಲ. ಜೊತೆಗಿರುವವರೇ ಹುಡುಕಬೇಕು. ಆದ್ದರಿಂದ ಪೆಟ್ಟಿಗೆ ಬೆಳಗಿನಿಂದ ಇಳಿಯುವವರೆಗೆ ಎದೆಯ ಮೇಲೆ. ತೆಗೆಯುವಂತಿಲ್ಲ."

ಸುವರ್ಣಾ ಗಮನವಿಟ್ಟು ಕೇಳಿದಳು. ನಾನು ಅವನ ಮಾತು ಮುಗಿಯುವುದನ್ನೇ ಕಾಯುತ್ತಿದ್ದೆ. ಮುಗಿದ ಕೂಡಲೇ ಹಿಮದ ಪದರಗಳ ರಚನೆಯ ಬಗ್ಗೆ ನಾಲ್ಕು ಮಾತಾಡಿದೆ. ನಾಲ್ಕು ಮಾತು ಚಹಾ ತಣ್ಣಗಾಗುವವರೆಗೂ ನಡೆಯಿತು.

ಆಮೇಲೆ ಅಭ್ಯಾಸ. ನೋರ್ಬು ಒಂದು ಬ್ಯಾಗಿನೊಳಗೆ ಬೀಕನ್ ಇಟ್ಟು ನಮಗೆ ಕಾಣದಂತೆ ಹಿಮದಲ್ಲಿ ಹುಗಿದ. ಅದು ಮನುಷ್ಯ ಎಂದು ಭಾವಿಸಿ ನಾವು ಮೂವರೂ ಹುಡುಕಬೇಕು. ನಾನು ನನ್ನ ಪೆಟ್ಟಿಗೆಯ ಗುಂಡಿ ಒತ್ತಿದೆ. ಅದು ಪೀಂ ಎಂದಿತು. ಎಂದಿತಲ್ಲ, ಸಾಕು ಎಂದುಕೊಂಡೆ.

ಸುವರ್ಣಾ ಪೆಟ್ಟಿಗೆ ನೋಡುತ್ತ ನೋಡುತ್ತ ನೇರವಾಗಿ ನನ್ನ ಹತ್ತಿರ ಬಂದಳು. ಸಂಗಮೇಶ ಆಚೆ ಕಡೆಯಿಂದ ಬಂದು ನನ್ನ ಎದುರಿಗೆ ನಿಂತ.

"ರೀ, ಇಲ್ಲೇ ಅದ. ನೀವು ಒಂದೀಟ ಸರೀರಿ," ಎಂದಳು.

ನಾನು ಸರಿದೆ. ಬಾಣವೂ ಸರಿಯಿತು. ಇಬ್ಬರೂ ನನ್ನ ಹಿಂದೆ ಬಂದರು. ನಾನು ದೂರದ ಬಂಡೆಯ ಕಡೆ ಹೋದೆ. ಅವರೂ ಬಂದರು.

"ಬ್ಯಾಗ್ ಓಡ್ಯಾಡಾಕತ್ತದಲ್ಲೋ ತಮ್ಮಾ!" ಎಂದು ಸುವರ್ಣಾ ಗಾಬರಿಯಾದಳು.

ಸಂಗಮೇಶ ಕಡ್ಡಿ ಬಿಚ್ಚಿ ನನ್ನ ಬೂಟಿನ ಪಕ್ಕದಲ್ಲೇ ಚುಚ್ಚಿದ. ಎರಡನೆಯ ಸಲ ಬೂಟಿಗೇ ತಾಗಿತು! ಆಗ ನೋರ್ಬು ಮೆಲ್ಲಗೆ ಬಂದು ನನ್ನ ಪೆಟ್ಟಿಗೆ ನೋಡಿದ. ನಾನು ಒತ್ತಿದ್ದು ದೀಪದ ಗುಂಡಿ. ಪೆಟ್ಟಿಗೆ ಹುಡುಕುವ ಬದಲು ‘ನಾನು ಇಲ್ಲಿದ್ದೇನೆ’ ಎಂದೇ ಹೇಳುತ್ತಿತ್ತು. ಇಬ್ಬರೂ ಅಷ್ಟು ಹೊತ್ತು ಅತ್ಯಂತ ಶ್ರದ್ಧೆಯಿಂದ ಹುಡುಕಿದ್ದು ನನ್ನನ್ನು.

"ಬ್ಯಾಗು ಸತ್ತುಹೋಯಿತು," ಎಂದು ನೋರ್ಬು ಘೋಷಿಸಿದ. ಅವನು ನಗುತ್ತಿರಲಿಲ್ಲ.

ಜಾರುವ ಪಾಠದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸುವರ್ಣಾ ಎರಡನೆಯ ದಿನಕ್ಕೇ ಬಳುಕುತ್ತ ಇಳಿದಳು. ಮೂರನೆಯ ದಿನ ನನ್ನ ಒಂದು ಹಲಗೆ ಕಾಲಿನಿಂದ ಬಿಚ್ಚಿಕೊಂಡು ಒಂಟಿಯಾಗಿ ಇಳಿಯಿತು. ಒಂದು ತಿರುವನ್ನೂ ತಪ್ಪಿಸದೆ, ಒಂದು ಮರಕ್ಕೂ ತಾಗದೆ, ಬಹಳ ಚೆನ್ನಾಗಿ ಹೋಯಿತು. ನಾನಿಲ್ಲದಿದ್ದರೆ ನನ್ನ ಹಲಗೆಗಳು ಒಳ್ಳೆಯ ಸ್ಕೀಪಟುಗಳು ಎಂಬುದು ಎಲ್ಲರಿಗೂ ಗೊತ್ತಾಯಿತು.

ಬೆಟ್ಟ ಹತ್ತುವ ದಿನ ಬಂತು. ಹಿಂದಿನ ದಿನವೆಲ್ಲ ಹಿಮ ಬಿದ್ದು ಗಾಳಿ ಬೀಸಿತ್ತು. ನೋರ್ಬು ಮುಖ ಗಂಟಿಕ್ಕಿಕೊಂಡು ಮೇಲೆ ನೋಡಿದ.

"ದೊಡ್ಡ ಬೆಟ್ಟ ಇವತ್ತು ಬೇಡ. ಗಾಳಿ ಕಡಿದಾದ ಇಳಿಜಾರುಗಳಲ್ಲಿ ಹೊಸ ಹಿಮ ತುಂಬಿಸಿದೆ. ಕೆಳಗಿನ ಪದರಕ್ಕೆ ಅದು ಅಂಟಿಲ್ಲ. ನಾವು ಮರಗಳ ನಡುವೆ, ಇಳಿಜಾರು ಕಡಿಮೆ ಇರುವಲ್ಲಿ ಅಂಕುಡೊಂಕಾಗಿ ಹತ್ತೋಣ. ನನ್ನ ಹಾದಿ ಬಿಟ್ಟು ಯಾರೂ ಆಚೀಚೆ ಹೋಗಬೇಡಿ."

ಹೊರಡುವಾಗ ಒಬ್ಬೊಬ್ಬರನ್ನೇ ಮುಂದೆ ಕಳಿಸಿ ಬೀಕನ್ ಪರೀಕ್ಷಿಸಿದ. ನನ್ನದೂ ಪೀಂ ಎಂದಿತು. ಆ ದಿನ ನಾನು ಸರಿಯಾಗಿ ಮಾಡಿದ ಒಂದೇ ಕೆಲಸ ಅದು.

ಹಲಗೆಯ ಅಡಿಗೆ ಹಿಂದೆ ಜಾರದಂತೆ ರೋಮದ ಪಟ್ಟಿ ಅಂಟಿಸಿಕೊಂಡು ಹತ್ತುವುದು. ಹೇಳಲು ಸುಲಭ. ನಾನು ಒಂದು ಹೆಜ್ಜೆ ಇಡುತ್ತಿದ್ದೆ, ಆಮೇಲೆ ಜೀವನದ ಬಗ್ಗೆ ಯೋಚಿಸುತ್ತಿದ್ದೆ, ಆಮೇಲೆ ಇನ್ನೊಂದು ಹೆಜ್ಜೆ. ನೋರ್ಬು ಮುಂದೆ, ಅವನ ಹಿಂದೆ ಸುವರ್ಣಾ, ಆಮೇಲೆ ನಾನು, ಕೊನೆಗೆ ಸಂಗಮೇಶ. ಪ್ರತಿ ತಿರುವಿನಲ್ಲೂ ಸುವರ್ಣಾ ನಿಂತು ನನಗಾಗಿ ಕಾಯುತ್ತಿದ್ದಳು. ನಾನು ಮುಟ್ಟಿದ ಕೂಡಲೇ ಹೊರಡುತ್ತಿದ್ದಳು. ಅಂದರೆ ಅವಳಿಗೆ ವಿಶ್ರಾಂತಿ, ನನಗಿಲ್ಲ. ಈ ಅನ್ಯಾಯವನ್ನು ಬೆಟ್ಟ ಹತ್ತಿದವರೇ ಬಲ್ಲರು.

ಭಾರ ಇಳಿಸುವುದೊಂದೇ ದಾರಿ ಎನಿಸಿತು. ಒಂದು ಕಡೆ ಎಲ್ಲರೂ ಕೂತಾಗ, ಯಾರಿಗೂ ಕಾಣದಂತೆ, ಸುವರ್ಣಾಳ ಬ್ಯಾಗಿನ ಮೇಲಿನ ಖಾನೆಗೆ ಮೊದಲು ನನ್ನ ನೀರಿನ ಬಾಟಲಿ ಸೇರಿಸಿದೆ. ಆಮೇಲೆ ಬಾಳೆಹಣ್ಣು. ಸೆಕೆ ತಡೆಯದೆ ಒಳಗಿನ ಸ್ವೆಟರು ಬಿಚ್ಚಬೇಕಾಯಿತು. ಸ್ವೆಟರು ಬಿಚ್ಚಲು ಬೀಕನ್ ಬಿಚ್ಚಬೇಕಾಯಿತು. ಅದರ ಪಟ್ಟಿ ನನ್ನ ಹೊಟ್ಟೆಯ ಮೇಲೆ ಬರೆ ಎಳೆದಿತ್ತು. ಸ್ವೆಟರನ್ನೂ ಬೀಕನನ್ನೂ ಅದೇ ಖಾನೆಗೆ ಹಾಕಿದೆ. ಗಂಡ ಹೆಂಡತಿ ಅಂದಮೇಲೆ ಅವಳ ಹತ್ತಿರ ಇದ್ದರೇನು, ನನ್ನ ಹತ್ತಿರ ಇದ್ದರೇನು! ಮುಂದಿನ ನಿಲುಗಡೆಯಲ್ಲಿ ಹಾಕಿಕೊಂಡರಾಯಿತು ಎಂದುಕೊಂಡೆ. ಶೇಂಗಾ ಹೋಳಿಗೆಯ ಪೊಟ್ಟಣವನ್ನು ಮಾತ್ರ ಯಾರಿಗೂ ಕೊಡದೆ ಜೇಬಿನಲ್ಲೇ ಇಟ್ಟುಕೊಂಡೆ.

ಇನ್ನಷ್ಟು ಮೇಲೆ ಹೋದಮೇಲೆ ಆ ಅಂಕುಡೊಂಕು ನನಗೆ ಅಸಹ್ಯವಾಯಿತು. ನೋರ್ಬು ಎಡಕ್ಕೆ ಬಹಳ ದೂರ ಹೋಗಿ, ತಿರುಗಿ, ಬಲಕ್ಕೆ ಬಹಳ ದೂರ ಬಂದು, ಕೊನೆಗೆ ನನ್ನ ತಲೆಯ ಮೇಲೇ ನಿಲ್ಲುತ್ತಿದ್ದ. ನಡುವೆ ಇದ್ದದ್ದು ಒಂದು ಸಣ್ಣ ಬೋಳು ಇಳಿಜಾರು. ಮರವಿಲ್ಲ, ಕಲ್ಲಿಲ್ಲ, ಹಾಸಿಗೆಯ ಹಾಗೆ ನುಣ್ಣಗೆ. ನಾನು ಹುಟ್ಟಿ ಬೆಳೆದದ್ದು ನಿಂಬರ್ಗಾದಲ್ಲಿ. ಅಲ್ಲಿ ತೊಗರಿ ಹೊಲದ ನಡುವೆ ಅಡ್ಡ ಹಾಯ್ದು ಮನೆ ಸೇರಿದವನು ನಾನು. ನನಗೆ ಸುತ್ತುದಾರಿಯೇ?

"ಮಾಮಾ, ಹಾದಿ ಬಿಡಬ್ಯಾಡ್ರಿ," ಎಂದು ಕೆಳಗಿನ ಮರಗಳ ಹತ್ತಿರದಿಂದ ಸಂಗಮೇಶ ಕೂಗಿದ.

"ನನಗ ಗೊತ್ತದ ತಮ್ಮಾ," ಎಂದೆ. ಭೂಗೋಳದವನಿಗೆ ಭೂಮಿ ತೋರಿಸುತ್ತಾನೆ!

ಹಾದಿ ಬಿಟ್ಟು ನೇರವಾಗಿ ಆ ಬೋಳು ಇಳಿಜಾರು ಹತ್ತತೊಡಗಿದೆ. ಅರ್ಧ ಹೋಗುವಷ್ಟರಲ್ಲಿ ಉಸಿರು ಕಟ್ಟಿತು. ಹಲಗೆ ಅಡ್ಡ ಇಟ್ಟು, ಬೆಟ್ಟಕ್ಕೆ ಬೆನ್ನು ಮಾಡಿ ಕೂತುಬಿಟ್ಟೆ. ಕೂತಮೇಲೆ ಸುಮ್ಮನೆ ಯಾಕಿರಬೇಕು? ಪೊಟ್ಟಣ ಬಿಚ್ಚಿದೆ. ಕತ್ತು ತಿರುಗಿಸಿ ನೋಡಿದರೆ, ಮೇಲಿನ ತಿರುವಿನಿಂದ ನೋರ್ಬು ಏನೋ ಜೋರಾಗಿ ಕೂಗುತ್ತ ಕೈ ಬೀಸುತ್ತಿದ್ದ. ಹೋಳಿಗೆ ಬೇಕೇನೋ ಎಂದುಕೊಂಡು ನಾನು ಒಂದನ್ನು ಎತ್ತಿ ತೋರಿಸಿ, ಮತ್ತೆ ಈ ಕಡೆ ತಿರುಗಿ ತಿನ್ನತೊಡಗಿದೆ.

ಆಗ ‘ಧಪ್’ ಎಂದಿತು. ತೊಗರಿಯ ಚೀಲವನ್ನು ಗೋದಾಮಿನ ನೆಲಕ್ಕೆ ಎಸೆದ ಹಾಗೆ. ಶಬ್ದ ನನ್ನ ಕೆಳಗಿನಿಂದಲೇ ಬಂದದ್ದರಿಂದ, ಅದು ರಾಜ್ಮಾ ಎಂದು ನಾನು ಪ್ರಾಮಾಣಿಕವಾಗಿ ನಂಬಿದೆ.

ರಾಜ್ಮಾ ಅಲ್ಲ. ಕೂತಿದ್ದ ಹಾಸಿಗೆಯೇ ಹೊರಟಿತು! ಮೇಲಿನಿಂದ ಬೆನ್ನಿಗೆ ಯಾರೋ ಬಾಗಿಲನ್ನೇ ಒತ್ತಿ ನೂಕಿದಂತಾಯಿತು. ಮುಂದೆ ಮೇಲು ಕೆಳಗು ತಿಳಿಯಲಿಲ್ಲ. ನೋರ್ಬು ಕಲಿಸಿದ್ದು ಒಂದೇ ಒಂದು ನೆನಪಾಯಿತು, ಕೈ ಬಾಯಿಯ ಮುಂದೆ ತಂದುಕೊಳ್ಳಬೇಕು, ಉಸಿರಿಗೆ ಜಾಗ ಉಳಿಯುತ್ತದೆ. ನನ್ನ ಕೈ ಹೋಳಿಗೆ ತಿನ್ನಲು ಮೊದಲೇ ಬಾಯಿಯ ಹತ್ತಿರ ಇತ್ತು. ನಾನು ಇವತ್ತು ಇದನ್ನು ಬರೆಯುತ್ತಿರುವುದು ಆ ಹೋಳಿಗೆಯ ದಯೆಯಿಂದ.

ಎಲ್ಲ ನಿಂತಿತು. ನೆತ್ತಿಯವರೆಗೆ ನಾನು ಹಿಮದಲ್ಲಿದ್ದೆ. ಮುಖದ ಮೇಲೂ ಹಿಮ, ಕಣ್ಣೆದುರು ಮಸುಕು ಬಿಳಿ. ಬೆರಳು ಅಲ್ಲಾಡಿಸಲು ನೋಡಿದೆ. ಹತ್ತಿಯಂತೆ ಕಾಣುತ್ತಿದ್ದ ಹಿಮ ಸಿಮೆಂಟಿನಂತೆ ಬಿಗಿದಿತ್ತು. ನಿಜ ಹೇಳುತ್ತೇನೆ, ಮೊದಲ ಕ್ಷಣ ಭಯವಾಗಲಿಲ್ಲ. ಬೆಳಗಿನಿಂದ ಮೊದಲ ಸಲ ‘ನಡೀರಿ’ ಎನ್ನುವವರು ಯಾರೂ ಇರಲಿಲ್ಲ. ಆಮೇಲೆ ಉಸಿರು ಎಳೆದುಕೊಂಡೆ. ಎದೆ ಹಿಗ್ಗಲಿಲ್ಲ. ಆಗ ಭಯವಾಯಿತು. ಬಹಳ ಭಯವಾಯಿತು. ಕೂಗೋಣವೆಂದರೆ ಬಾಯಲ್ಲಿ ಅರ್ಧ ಹೋಳಿಗೆ, ಅರ್ಧ ಹಿಮ.

ಮೇಲೆ ನಡೆದದ್ದನ್ನು ಆಮೇಲೆ ಸಂಗಮೇಶ ಹೇಳಿದ. ನೋರ್ಬು ಮತ್ತು ಸುವರ್ಣಾ ಜಾರಿ ಇಳಿದು ಬಂದರು. ಇನ್ನೇನೂ ಕುಸಿಯುವಂತಿಲ್ಲ ಎಂದು ನೋರ್ಬು ಒಮ್ಮೆ ಮೇಲೆ ನೋಡಿ ಖಾತ್ರಿ ಮಾಡಿಕೊಂಡ. ಮೂವರೂ ಗುಂಡಿ ಒತ್ತಿ ಪೆಟ್ಟಿಗೆಗಳನ್ನು ಹುಡುಕಲು ಹಚ್ಚಿದರು. ಸುವರ್ಣಾಳ ಪೆಟ್ಟಿಗೆ ಕಿರುಚಿಕೊಂಡಿತು.

"ನಿಮ್ಮ ಹತ್ತಿರವೇ ಇದ್ದಾರೆ! ಕಾಲ ಕೆಳಗೇ ಇದ್ದಾರೆ!" ಎಂದು ನೋರ್ಬು ಕಡ್ಡಿ ಬಿಚ್ಚಿದ.

ಅವಳು ಒಂದು ಹೆಜ್ಜೆ ಸರಿದಳು. ಪೆಟ್ಟಿಗೆ ಹಾಗೆಯೇ ಕಿರುಚುತ್ತಿತ್ತು. ಇನ್ನೊಂದು ಹೆಜ್ಜೆ. ಅಷ್ಟೇ ಜೋರು. ಖೋ ಖೋ ಆಡಿಸಿದ ತಲೆ ಅವಳದು. ಬ್ಯಾಗನ್ನು ಕಿತ್ತು ಹಿಮದ ಮೇಲೆ ಒಗೆದು ಖಾನೆ ತೆರೆದಳು. ಬಾಳೆಹಣ್ಣು, ನೀರಿನ ಬಾಟಲಿ, ಸ್ವೆಟರು, ಅವುಗಳ ನಡುವೆ ಬೆಚ್ಚಗೆ ಮಲಗಿದ್ದ ನನ್ನ ಬೀಕನ್.

"ಅಯ್ಯೋ ಯಪ್ಪಾ, ಇವರ ಪೆಟಗಿ ಇಲ್ಲೇ ಅದ!" ಎಂದಳಂತೆ. ಅಲ್ಲಿಯವರೆಗೆ ಗಟ್ಟಿಯಾಗಿದ್ದ ಅವಳ ದನಿ ಅಲ್ಲಿ ಒಡೆಯಿತಂತೆ. ನೋರ್ಬು ಆ ಪೆಟ್ಟಿಗೆಯನ್ನು ಬಂದ್ ಮಾಡಿ, "ಕಣ್ಣಿಂದ ಹುಡುಕಿ! ಕೂಗಿ, ಆಮೇಲೆ ಸುಮ್ಮನಿದ್ದು ಕೇಳಿ!" ಎಂದ.

ಆಗ ನನಗೆ ಕೇಳಿಸಿತು.

"ಚಂದ್ರಶೇಖರ!"

ಅದು ನನ್ನ ಹೆಸರು. ಮದುವೆಯಾದಾಗಿನಿಂದ ಅವಳು ನನ್ನ ಹೆಸರು ಹಿಡಿದು ಕರೆದವಳಲ್ಲ. ಜೇವರ್ಗಿಯ ಅವಳ ತವರಿನಲ್ಲಿ ಎಲ್ಲರೂ ಸುತ್ತ ಕೂತು ಒತ್ತಾಯ ಮಾಡಿದಾಗಲೂ ಸೆರಗು ಕಚ್ಚಿಕೊಂಡು ನಕ್ಕವಳು. ಈಗ ಇಡೀ ಬೆಟ್ಟಕ್ಕೆ ಕೇಳುವಂತೆ, ಏಕವಚನದಲ್ಲಿ ಕೂಗುತ್ತಿದ್ದಳು.

"ಏ ಚಂದ್ರಶೇಖರ! ಎಲ್ಲಿದ್ದೀಯೋ! ಓ ಅನ್ನಲೇ!"

ನನ್ನ ಕಣ್ಣಲ್ಲಿ ನೀರು ಬಂತು. ಓ ಎನ್ನಲು ಹೋದೆ. ಹೋಳಿಗೆ ಗಂಟಲಿಗೆ ಇಳಿಯಿತು. ಕೆಮ್ಮಿದೆ. ಆ ಕೆಮ್ಮಿಗೆ ನನ್ನ ತಲೆಯ ಮೇಲಿನ ಕೇಸರಿ ಬಣ್ಣದ ಮಂಕಿ ಕ್ಯಾಪು ಅಲ್ಲಾಡಿತು. ಅತ್ತೆಯವರು ಹೆಣೆದುಕೊಟ್ಟದ್ದು. ಹಿಮದ ಹೆಂಟೆಗಳ ನಡುವೆ ಅದರ ಗೊಂಡೆಯೊಂದು ಹೊರಗಿತ್ತು.

"ಅಲ್ಲಿ! ಅವ್ವನ ಟೊಪಿಗಿ!" ಎಂಬ ಕೂಗು ಹತ್ತಿರವಾಯಿತು.

ಅವಳು ಕೈಯಿಂದಲೇ ನನ್ನ ಮುಖದ ಹಿಮ ಕೆದರಿದಳು. ಬಾಯೊಳಗೆ ಬೆರಳು ಹಾಕಿ ಬಳಿದಳು. ಉಸಿರು ಬಂತು. ಎದುರಿಗೆ ಅವಳ ಮುಖ. ಕೈಗವಸು ಎಲ್ಲೋ ಬಿದ್ದು ಬೆರಳು ಕೆಂಪಾಗಿದ್ದವು. ಕೆನ್ನೆಯ ಮೇಲೆ ಕಣ್ಣೀರು, ಮೂಗಿನ ತುದಿಯಲ್ಲಿ ಇನ್ನೊಂದು ಹನಿ. ನಾನು ಏನಾದರೂ ಘನವಾದ ಮಾತು ಹೇಳಬೇಕಿತ್ತು.

"ಹೋಳಿಗಿ ಹಸೀ ಆತು," ಎಂದೆ.

ಅವಳು ನನ್ನನ್ನೇ ನೋಡಿದಳು. ಸಂಗಮೇಶ ಸಲಿಕೆ ತಂದಿದ್ದ. ಒಂದು ಕ್ಷಣ, ಆ ಸಲಿಕೆಯಿಂದ ಅವಳು ಹಿಮ ತೆಗೆಯುವಳೋ ಮತ್ತೆ ಹಾಕುವಳೋ ಎಂದು ನನಗೆ ಖಚಿತವಿರಲಿಲ್ಲ.

ಕುಸಿದದ್ದು ಸಣ್ಣ ತುಂಡು. ಅದೇ ಸ್ವಲ್ಪ ದೊಡ್ಡದಾಗಿದ್ದರೆ ಗೊಂಡೆಯೂ ಕಾಣುತ್ತಿರಲಿಲ್ಲ ಎಂದು ನೋರ್ಬು ಹೇಳಿದ. ಬೈಯಲಿಲ್ಲ. ಬೀಕನನ್ನು ನನ್ನ ಎದೆಗೆ ತಾನೇ ಬಿಗಿದ, ಮಗುವಿಗೆ ಗುಂಡಿ ಹಾಕುವ ಹಾಗೆ. ನನ್ನ ಮೊಣಕಾಲು ಊದಿತ್ತು. ಸಂಗಮೇಶ ಮುಟ್ಟಿ ನೋಡಿ, "ಎಲುಬ ಮುರದಿಲ್ಲ ಮಾಮಾ," ಎಂದ. ದನಿಯಲ್ಲಿ ಸ್ವಲ್ಪ ನಿರಾಶೆ ಇತ್ತೆಂದು ನನಗೆ ಇವತ್ತಿಗೂ ಅನುಮಾನ. ಮೂವರೂ ಸೇರಿ ನನ್ನನ್ನು ಇಳಿಸಿದರು. ಇಳಿಯುವುದಕ್ಕಾದರೂ ಅಂಕುಡೊಂಕು ತಪ್ಪುತ್ತದೆ ಎಂದುಕೊಂಡಿದ್ದೆ. ತಪ್ಪಲಿಲ್ಲ.

ಸಂಜೆ ವಸತಿಯಲ್ಲಿ ಬುಖಾರಿ ಎನ್ನುವ ಕಬ್ಬಿಣದ ಒಲೆಯ ಪಕ್ಕ ಕೂತು, ಬೆಂಕಿಗೆ ಕಾಲು ಚಾಚಿ, ನಾನು ಗಂಟಲು ಸರಿಮಾಡಿಕೊಂಡೆ.

"ಸುವರ್ಣಾ, ಇವತ್ತ ನೀ ನನ್ನ ಹೆಸರ ಹಿಡದ ಕರದಿ."

"ಹೌದ್ರಿ."

"ಲೇ ಅಂತನೂ ಅಂದಿ."

"‘ರೀ’ ಅಂತ ಒದರಿದ್ರ ಅಲ್ಲಿದ್ದ ಗಂಡಸರೆಲ್ಲಾ ಹೊಳ್ಳಿ ನೋಡ್ತಿದ್ರು," ಎಂದಳು. ಒಂದು ಕಟ್ಟಿಗೆ ಬೆಂಕಿಗೆ ತುರುಕಿದಳು. "ಆ ಪೆಟಗಿ ನನ್ನ ಬ್ಯಾಗಿನ್ಯಾಗ ಕಂಡಾಗ ನನಗ ಏನಾತು, ನಿಮಗ ಗೊತ್ತದೇನ್ರಿ? ನೀವು ಎಲ್ಲೂ ಇಲ್ಲ ಅನಿಸ್ತು. ನೀರಿನ ಬಾಟ್ಲಿ ಹಾಕ್ರಿ, ಬಾಳೆಹಣ್ಣ ಹಾಕ್ರಿ, ಬೇಕಾದ್ರ ನೀವ ಬಂದು ಬ್ಯಾಗಿನ್ಯಾಗ ಕೂಡ್ರಿ, ಹೊರ್ತೇನಿ. ಅದೊಂದು ತಗೀಬ್ಯಾಡ್ರಿ."

ತರಗತಿಯಲ್ಲಿ ಕಷ್ಟದ ಪ್ರಶ್ನೆ ಬಂದರೆ ಕರಿಹಲಗೆಯ ಕಡೆ ತಿರುಗುತ್ತೇನೆ. ಅಲ್ಲಿ ತಿರುಗಲು ಬರೀ ಗೋಡೆ ಇತ್ತು. ಅದನ್ನೇ ನೋಡಿದೆ.

ಉಳಿದ ದಿನಗಳಲ್ಲಿ ಅವಳು ತಮ್ಮನ ಜೊತೆ ಬೆಟ್ಟ ಹತ್ತಿದಳು. ನಾನು ಅಡಿಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿದೆ. ಆ ಕೆಲಸದಲ್ಲಿ ಅಪಾಯ ಕಡಿಮೆ.

ಮರಳುವ ರೈಲಿನಲ್ಲಿ ಎದುರಿನ ಸೀಟಿಗೆ ಅಫಜಲಪುರದ ಕಡೆಯ ಹಿರಿಯರೊಬ್ಬರು ಸಿಕ್ಕರು. ಗೊಬ್ಬೂರಿನವರು, ಕಾಶಿಗೆ ಹೋಗಿ ಬರುತ್ತಿದ್ದವರು. ಸುವರ್ಣಾ ಮತ್ತು ಸಂಗಮೇಶ ಮೇಲಿನ ಬರ್ತುಗಳಲ್ಲಿ ಮಲಗಿದ್ದರು. ಹಿರಿಯರು ನನ್ನ ಕಾಲಿನ ಪಟ್ಟಿ ನೋಡಿದರು.

"ಏನಾತ್ರಿ ಸರ?"

ಮೇಲೆ ಒಮ್ಮೆ ನೋಡಿಕೊಂಡೆ. ಇಬ್ಬರಿಗೂ ನಿದ್ದೆ. ಬಹಳ ದಿನಗಳ ಮೇಲೆ ಎದೆ ಸ್ವಲ್ಪ ಉಬ್ಬಿತು. "ಹಿಮಕುಸಿತದಾಗ ಸಿಕ್ಕಿದ್ದೆ ರೀ," ಎಂದೆ, ದನಿ ತಗ್ಗಿಸಿ.

"ಶಿವ ಶಿವಾ! ಬೆಟ್ಟನ ಮೈಮ್ಯಾಲ ಬಂತಂದಂಗಾತು." ಅವರು ಕಾಲು ಮೇಲೆ ಮಡಚಿಕೊಂಡು ಮುಂದಕ್ಕೆ ಬಾಗಿದರು. "ನಾ ಟೀವಿಯಾಗ ನೋಡೀನಿ, ಖರೇ ನೋಡಿದವ್ರು ಇವತ್ತ ಸಿಕ್ರಿ. ಹೆಂಗ ಕಾಣ್ತದ್ರಿ ಅದು, ಮ್ಯಾಲಿಂದ ಬರೂಮುಂದ?"

ನಾನು ಬಾಯಿ ತೆರೆದೆ. ವರ್ಷಗಟ್ಟಲೆ ಪಾಠ ಮಾಡಿದ ವಿಷಯ. ನನ್ನ ಬೆನ್ನ ಮೇಲೇ ಹಾದುಹೋದ ವಿಷಯ. ಎಷ್ಟು ಯೋಚಿಸಿದರೂ ಹೇಳಲು ಒಂದೇ ಮಾತು ಇತ್ತು.

"ನೋಡ್ಲಿಲ್ರಿ," ಎಂದೆ. "ಹೋಳಿಗಿ ತಿನ್ನಾಕತ್ತಿದ್ದೆ."